ಡಬ್ಬದೊಳಗಿನ ಗಾಳಿಯ ಲೆಕ್ಕ

ಸ್ಪೀಕರಿನ ಕೋನ್ ಮುಂದಿನ ಗಾಳಿಯನ್ನು ತಳ್ಳುವ ಗಳಿಗೆಯಲ್ಲೇ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಡಬ್ಬವಿಲ್ಲದ ಬರಿ ಸ್ಪೀಕರನ್ನು ಮೇಜಿನ ಮೇಲಿಟ್ಟು ಹಾಡು ಹಚ್ಚಿದರೆ ಹಾಡುಗಾರರ ದನಿ ಕೇಳುತ್ತದೆ, ಡೊಳ್ಳಿನ ಪೆಟ್ಟು ಮಾತ್ರ ಎಲ್ಲೋ ಕಳೆದುಹೋಗುತ್ತದೆ. ಮುಂದೆ ಹುಟ್ಟಿದ ಒತ್ತಡ ಸ್ಪೀಕರಿನ ಅಂಚನ್ನು ಸುತ್ತಿ ಬಂದು ಹಿಂದಿನ ತೆರವನ್ನು ತುಂಬಿಬಿಡುವುದೇ ಇದಕ್ಕೆ ಕಾರಣ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅಷ್ಟು ದೊಡ್ಡ ಅಲೆಗೆ ಹನ್ನೆರಡು ಇಂಚಿನ ಸ್ಪೀಕರು ಅಡ್ಡಿಯೇ ಅಲ್ಲ. ಹೀಗೆ ಮುಂದಿನ ಗಾಳಿ ಹಿಂದಿನದನ್ನು ಸೇರದಂತೆ ತಡೆಯುವುದು ಡಬ್ಬದ ಮೊದಲ ಕೆಲಸ. ಆದರೆ ಹಿಂದಿನ ಗಾಳಿಯನ್ನು ಮುಚ್ಚಿದೊಡನೆ ಅದು ಸುಮ್ಮನಿರುವುದಿಲ್ಲ. ಕೋನ್ ಒಳಕ್ಕೆ ಹೋದಾಗ ಒತ್ತಿ ಹೊರಗೆ ತಳ್ಳುತ್ತದೆ, ಹೊರಗೆ ಬಂದಾಗ ಒಳಕ್ಕೆ ಎಳೆಯುತ್ತದೆ. ಡಬ್ಬ ಎಷ್ಟು ಲೀಟರಿನದು ಎಂಬುದರ ಮೇಲೆ ಈ ಎಳೆತದ ಬಿಗಿ ನಿಂತಿದೆ. ಹಾಗಾಗಿ ಡಬ್ಬವೂ ಸ್ಪೀಕರಿನ ಒಂದು ಭಾಗವೇ. ದುಡ್ಡು ಕೊಟ್ಟು ತಂದದ್ದು ಅರ್ಧ ಮಾತ್ರ, ಉಳಿದ ಅರ್ಧ ಬಡಿಗೇರರ ಅಂಗಡಿಯಲ್ಲಿ ತಯಾರಾಗುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇಂಥ ಡಬ್ಬಗಳಿಗೆ ಕೆಲಸ ಕಡಿಮೆಯಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಗೊಡಚಿಯ ವೀರಭದ್ರನ ಜಾತ್ರೆ, ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ನಡುವೆ ಗಣಪತಿ ಕಳಿಸುವ ಮೆರವಣಿಗೆ, ಮದುವೆ. ಇವೆಲ್ಲ ವರ್ಷಕ್ಕೊಮ್ಮೆ ಬಂದು ಹೋಗುವಂಥವು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೋ ಮುನವಳ್ಳಿಗೋ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರುಗಳಲ್ಲಿ ಮೊಳಗುವ ‘ಟೇಪ್’ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ. ಟೇಪ್ ರೆಕಾರ್ಡರ್ ಕಾಲ ಮುಗಿದು ಪೆನ್ ಡ್ರೈವ್ ಬಂದರೂ ಹೆಸರು ಉಳಿದಿದೆ. ಇದರ ಡಬ್ಬಗಳು ಹೆಚ್ಚಾಗಿ ಕಣ್ಣಳತೆಯವು: ಯಾವುದೋ ಕಂಪನಿಯ ಡಬ್ಬದ ಹೊರ ಅಳತೆ ಹಿಡಿದು, ಸೀಟಿನ ಹಿಂದೆ ಸಿಕ್ಕ ಜಾಗಕ್ಕೆ ಹೊಂದಿಸಿ, ಮುಂದೆ ಒಂದು ತೂತು ಕೊರೆದದ್ದು. ಕೆಲವು ಚೆನ್ನಾಗಿಯೇ ನುಡಿಯುತ್ತವೆ. ಆದರೆ ಯಾಕೆ ಚೆನ್ನಾಗಿ ನುಡಿದವು ಎಂಬುದು ಗೊತ್ತಿರುವುದಿಲ್ಲ. ಸ್ಪೀಕರು ಬದಲಾದ ದಿನ ಅದೇ ಡಬ್ಬ ಗುಂಯ್‌ಗುಡತೊಡಗುತ್ತದೆ.

ಈ ಸೀಮೆಯ ಬಯಲಾಟಗಳು ಮೈಕು ಬರುವ ಮುಂಚಿನಿಂದಲೂ ಬಂದವು. ಬೈಲಹೊಂಗಲದಲ್ಲಿ ನಡೆದ ಘಟನೆಯ ಮೇಲೆ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಹಾಡುವವರು ಏರುದನಿಯಲ್ಲೇ ಹಾಡುತ್ತಾರೆ; ದನಿ ಕೊನೆಯ ಸಾಲಿಗೂ ಮುಟ್ಟಬೇಕಲ್ಲ. ಆಮೇಲೆ ಅಗಲ ಬಾಯಿಯ ತಗಡಿನ ಹಾರ್ನ್‌ಗಳು ಗಿಡಕ್ಕೂ ಗುಡಿಯ ಗೋಪುರಕ್ಕೂ ಏರಿದವು. ಅವು ಮಾತಿಗೆ, ಚೌಡಿಕೆಯ ತಂತಿಯ ನಾದಕ್ಕೆ ಸಲ್ಲುತ್ತವೆ. ಸಣ್ಣ ವಿದ್ಯುತ್ತಿನಲ್ಲಿ ಬಹುದೂರ ಮುಟ್ಟಿಸುತ್ತವೆ, ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ ಕೈಬಿಡುತ್ತವೆ. ಡೊಳ್ಳು, ಕರಡಿಯ ಗಡಸು ಪೆಟ್ಟು ಬೇಕೆಂದವರು ಡಬ್ಬಕ್ಕೆ ಬಂದರು.

ಡಬ್ಬದ ಶಾಸ್ತ್ರ ಬೆಳೆದದ್ದು ಬೇರೆ ಕಡೆ. ಇವತ್ತಿನ ಮಾದರಿಯ ಸುರುಳಿ-ಕೋನ್ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ವಿವರಿಸಿದರು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್‌ಗೆ 1932ರಲ್ಲಿ ಕೊಳವೆಯುಳ್ಳ ಡಬ್ಬಕ್ಕೆ ಪೇಟೆಂಟ್ ಸಿಕ್ಕಿತು. ಪೂರ್ತಿ ಮುಚ್ಚಿದ ಪುಟ್ಟ ಡಬ್ಬದಲ್ಲೂ ತಗ್ಗಿನ ನಾದ ತೆಗೆಯಬಹುದೆಂದು ಎಡ್ಗರ್ ವಿಲ್ಚರ್ 1954ರಲ್ಲಿ ತೋರಿಸಿದ. ಇಷ್ಟಾದರೂ ಕಾರ್ಖಾನೆಗಳಲ್ಲೂ ಡಬ್ಬದ ಅಳತೆ ಬಹುಮಟ್ಟಿಗೆ ಅಂದಾಜಿನ ವ್ಯವಹಾರವೇ ಆಗಿತ್ತು. ಆಸ್ಟ್ರೇಲಿಯದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಬರೆದ ಪ್ರಬಂಧ ಅದನ್ನು ಬದಲಿಸಿತು. ಸ್ಪೀಕರು, ಡಬ್ಬ, ಕೊಳವೆ ಮೂರನ್ನೂ ಸೇರಿಸಿ ಒಂದು ವಿದ್ಯುತ್ ಫಿಲ್ಟರಿನಂತೆ ಲೆಕ್ಕ ಹಾಕಬಹುದು ಎಂಬುದು ಅವನ ವಾದ. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ವಿಸ್ತರಿಸಿದ. ಇಬ್ಬರ ಹೆಸರಿನಲ್ಲೇ ಆ ಅಂಕಿಗಳನ್ನು ‘ಥೀಲ್-ಸ್ಮಾಲ್’ ಅಂಕಿಗಳೆಂದು ಕರೆಯುತ್ತಾರೆ.

ಅವುಗಳಲ್ಲಿ ಮೂರು ಮುಖ್ಯ. ಡಬ್ಬವಿಲ್ಲದಾಗ ಕೋನ್ ತಾನಾಗಿ ತೂಗುವ ಕಂಪನಾಂಕ ಎಫ್‌ಎಸ್. ಆ ತೂಗಾಟ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಹೇಳುವುದು ಕ್ಯೂಟಿಎಸ್. ಅಯಸ್ಕಾಂತ ಬಲವಾಗಿದ್ದಷ್ಟೂ ಈ ಅಂಕಿ ಸಣ್ಣದು. ಕೋನಿನ ಅಂಚಿನ ಬಿಗಿಗೆ ಸಮನಾದ ಬಿಗಿ ಎಷ್ಟು ಲೀಟರ್ ಗಾಳಿಯಲ್ಲಿದೆ ಎಂಬುದು ವಿಎಎಸ್. ಸ್ಪೀಕರಿನ ಮೇಲೆ ಅಚ್ಚು ಹಾಕಿರುವ ವಾಟ್‌ಗೂ ಡಬ್ಬದ ಗಾತ್ರಕ್ಕೂ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ಗಿರಾಕಿ ಮೊದಲು ಕೇಳುವುದು ಮಾತ್ರ ವಾಟನ್ನೇ.

ಅಂಕಿಗಳು ಕೈಯಲ್ಲಿದ್ದರೆ ಉಳಿದದ್ದು ಗಣಕಯಂತ್ರದ ಕೆಲಸ. ವಿನ್‌ಐಎಸ್‌ಡಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಳೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸ್ಪೀಕರಿನ ಅಂಕಿ ತುಂಬಿ ಡಬ್ಬದ ಲೀಟರನ್ನು ಹೆಚ್ಚುಕಡಿಮೆ ಮಾಡಿದರೆ ಯಾವ ಕಂಪನಾಂಕದಲ್ಲಿ ನಾದ ಎಷ್ಟೆಂದು ತೋರಿಸುವ ಗೆರೆ ತೆರೆಯ ಮೇಲೆ ಏರಿಳಿಯುತ್ತದೆ. ಪ್ಲೈವುಡ್ ಕೊಯ್ದು, ಅಂಟಿಸಿ, ಕೇಳಿ, ಒಡೆದು ಮತ್ತೆ ಮಾಡಬೇಕಾದ ಹತ್ತು ಡಬ್ಬಗಳನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಬಿಡಬಹುದು.

ಒಂದು ಲೆಕ್ಕವನ್ನು ಪೂರ್ತಿ ನೋಡುವುದು ಒಳ್ಳೆಯದು. ಹನ್ನೆರಡು ಇಂಚಿನ ಒಂದು ಸ್ಪೀಕರಿನ ಎಫ್‌ಎಸ್ 40 ಹರ್ಟ್ಜ್, ಕ್ಯೂಟಿಎಸ್ 0.38, ವಿಎಎಸ್ 80 ಲೀಟರ್ ಎಂದಿಟ್ಟುಕೊಳ್ಳೋಣ. ಮುಚ್ಚಿದ ಡಬ್ಬದಲ್ಲಿ ಸಮನಾದ ಗೆರೆ ಬೇಕಾದರೆ ಸುಮಾರು 32 ಲೀಟರ್ ಸಾಕು, ಆದರೆ ನಾದ 74 ಹರ್ಟ್ಜ್‌ನಿಂದಲೇ ಇಳಿಯತೊಡಗುತ್ತದೆ. ಅದೇ ಸ್ಪೀಕರನ್ನು 65 ಲೀಟರಿನ ಡಬ್ಬಕ್ಕೆ ಹಾಕಿ, 40 ಹರ್ಟ್ಜ್‌ಗೆ ಹೊಂದಿಸಿದ ಕೊಳವೆ ಇಟ್ಟರೆ ಗೆರೆ 40ರ ತನಕ ನೆಟ್ಟಗೆ ಹೋಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಹೊರಡುವ ಹಾಗೆ ಕೊಳವೆಯೊಳಗಿನ ಗಾಳಿ ತನ್ನ ಕಂಪನಾಂಕದಲ್ಲಿ ತೂಗಿ ಕೋನಿಗೆ ಕೈಜೋಡಿಸುತ್ತದೆ. ಡಬ್ಬ ಇಮ್ಮಡಿಯಾಯಿತು, ಪ್ರತಿಫಲವಾಗಿ ಡೊಳ್ಳಿನ ತಳ ಸಿಕ್ಕಿತು.

ಕೊಳವೆಗೆ ಹೊಲದ ಪೈಪಿನ ಅಂಗಡಿಯೇ ಸಾಕು. ಒಳವ್ಯಾಸ 10 ಸೆಂಟಿಮೀಟರ್ ಇರುವ ಪಿವಿಸಿ ಪೈಪನ್ನು 15 ಸೆಂಟಿಮೀಟರಿಗೆ ತುಂಡರಿಸಿದರೆ ಮೇಲಿನ ಡಬ್ಬ 40 ಹರ್ಟ್ಜ್‌ಗೆ ಕೂಡುತ್ತದೆ. ಇರಲಿ ಬಿಡು ಎಂದು 10 ಸೆಂಟಿಮೀಟರಿಗೇ ಕೊಯ್ದರೆ ಅದು 46ಕ್ಕೆ ಏರುತ್ತದೆ. ಕೊಳವೆಯಿಲ್ಲದೆ ಬರಿ ಹಲಗೆಯಲ್ಲಿ ತೂತು ಕೊರೆದರೆ ಇನ್ನೂ ಮೇಲೆ. ಕಣ್ಣಳತೆಯ ಎಷ್ಟೋ ಡಬ್ಬಗಳು ಒಂದೇ ಸ್ವರದಲ್ಲಿ ಗುಮ್ಮೆನ್ನುವುದರ ಗುಟ್ಟು ಇಲ್ಲಿದೆ. ಪೈಪು ತೀರ ಸಣ್ಣದಾದರೆ ಗಾಳಿ ಒಳಹೊರಗೆ ಓಡುವಾಗ ಬುಸುಗುಡುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ದಾಟದಂತೆ ನೋಡಿಕೊಳ್ಳುವುದು ರೂಢಿ; ತಂತ್ರಾಂಶ ಆ ಗೆರೆಯನ್ನೂ ತೋರಿಸುತ್ತದೆ. ದಾಟಿತೆಂದರೆ ಎರಡು ಪೈಪು ಹಾಕಬೇಕು, ಆಗ ಒಂದೊಂದರ ಉದ್ದ 38 ಸೆಂಟಿಮೀಟರ್ ಆಗುತ್ತದೆ. ಅಷ್ಟುದ್ದ ಡಬ್ಬದಲ್ಲಿ ಹಿಡಿಸುತ್ತದೆಯೇ ಎಂಬುದು ಮುಂದಿನ ತಲೆನೋವು.

ಕೋನ್ ಎಷ್ಟು ಆಡುತ್ತದೆ ಎಂಬ ಗೆರೆಯನ್ನು ಬಹಳ ಜನ ನೋಡುವುದೇ ಇಲ್ಲ. ಸ್ಪೀಕರು ಉಳಿಯುವುದು, ಹಾಳಾಗುವುದು ಅದರಲ್ಲೇ ಇದೆ. ಕೊಳವೆಯ ಡಬ್ಬದಲ್ಲಿ 40 ಹರ್ಟ್ಜ್ ಸುತ್ತಮುತ್ತ ಕೋನ್ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಕೆಲಸವನ್ನೆಲ್ಲ ಕೊಳವೆ ಮಾಡುತ್ತದೆ. ಅದಕ್ಕಿಂತ ಕೆಳಗೆ, 25-30ಕ್ಕೆ ಇಳಿದರೆ, ಹಿಂದಿನ ಗಾಳಿಯ ಹಿಡಿತ ತಪ್ಪಿ ಕೋನ್ ಮಿತಿಮೀರಿ ಕುಣಿಯುತ್ತದೆ. ಡಿಜೆ ರಿಮಿಕ್ಸ್‌ಗಳಲ್ಲಿ ಅಂಥ ಕೆಳ ಸ್ವರಗಳಿಗೆ ಬರವಿಲ್ಲ. ಕಿವಿಗೆ ಏನೂ ಕೇಳುತ್ತಿಲ್ಲವೆಂದು ಆಂಪ್ಲಿಫೈಯರ್ ಏರಿಸುತ್ತಾರೆ, ಕೋನಿನ ಸುರುಳಿ (ಕಾಯಿಲ್) ತಳಕ್ಕೆ ಬಡಿಯುತ್ತದೆ, ಇಲ್ಲವೇ ಸುಡುತ್ತದೆ. ಆಂಪ್ಲಿಫೈಯರಿನಲ್ಲಿ ತೀರ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಗುಂಡಿ ಇದ್ದರೆ ಅದನ್ನು 30-35 ಹರ್ಟ್ಜ್‌ಗೆ ಇಡುವುದು ಕಾಸಿಲ್ಲದ ವಿಮೆ.

ಕಷ್ಟ ಎದುರಾಗುವುದು ಸ್ಪೀಕರಿನ ಅಂಕಿಗಳೇ ಇಲ್ಲದಾಗ. ಹೆಸರುವಾಸಿ ಕಂಪನಿಗಳು ಅಂಕಿಪಟ್ಟಿ ಕೊಡುತ್ತವೆ. ಅಗ್ಗದ ಸ್ಪೀಕರಿನ ಪೆಟ್ಟಿಗೆಯ ಮೇಲೆ ಹುಲಿಯ ಚಿತ್ರ, ನಾಲ್ಕಂಕಿಯ ವಾಟ್, ಅಷ್ಟೆ. ಆಗ ಮನೆಯಲ್ಲೇ ಅಳೆಯಬೇಕು. ಒಂದು ರೆಸಿಸ್ಟರಿನ ಮೂಲಕ ಸ್ಪೀಕರಿಗೆ ಬೇರೆಬೇರೆ ಕಂಪನಾಂಕ ಕೊಟ್ಟು ಎಲ್ಲಿ ಅದರ ತಡೆ ತುತ್ತತುದಿಗೆ ಏರುತ್ತದೆ ಎಂದು ನೋಡಿದರೆ ಎಫ್‌ಎಸ್ ಸಿಗುತ್ತದೆ. ಆ ಶಿಖರ ಎಷ್ಟು ಎತ್ತರ, ಎಷ್ಟು ಅಗಲ ಎಂಬುದರಿಂದ ಕ್ಯೂಟಿಎಸ್ ಹೊರಡುತ್ತದೆ. ಆಮೇಲೆ ಕೋನಿನ ಮೇಲೆ ತೂಕ ಅಂಟಿಸಿ ಮತ್ತೆ ಅಳೆಯಬೇಕು. ಇದಕ್ಕೆ ಹತ್ತು ರೂಪಾಯಿ ನಾಣ್ಯ ಸೊಗಸಾಗಿ ಒದಗುತ್ತದೆ: ಒಂದೊಂದೂ ಸುಮಾರು 7.7 ಗ್ರಾಂ, ಮೇಲಾಗಿ ತಾಮ್ರ ಬೆರೆತ ಲೋಹದ್ದಾದ್ದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಉಕ್ಕಿನ ಒಂದು ರೂಪಾಯಿ ಇಟ್ಟರೆ ಸ್ಪೀಕರಿನ ಅಯಸ್ಕಾಂತ ಅದನ್ನು ಎಳೆದು ಲೆಕ್ಕ ಕೆಡಿಸುತ್ತದೆ. ಕೋನಿನ ಸ್ವಂತ ತೂಕ 80 ಗ್ರಾಂ ಆಗಿದ್ದರೆ ನಾಲ್ಕು ನಾಣ್ಯಕ್ಕೆ 40 ಹರ್ಟ್ಜ್ 34ಕ್ಕೆ ಇಳಿಯುತ್ತದೆ. ಈ ಇಳಿತದಿಂದ ಕೋನಿನ ತೂಕವನ್ನೂ ಅಂಚಿನ ಬಿಗಿಯನ್ನೂ ತಿಳಿದು ವಿಎಎಸ್ ಕಂಡುಹಿಡಿಯಬಹುದು. ಹೊಸ ಸ್ಪೀಕರಿನ ಅಂಚು ಬಿಗಿಯಾಗಿರುವುದರಿಂದ ಕೆಲವು ಗಂಟೆ ಹಾಡಿಸಿ ಆಮೇಲೆ ಅಳೆಯುವುದು ಲೇಸು.

ತಂತ್ರಾಂಶ ಲೀಟರಿನಲ್ಲಿ ಹೇಳುತ್ತದೆ, ಬಡಿಗೇರರು ಇಂಚು-ಸೂತದಲ್ಲಿ ಕೊಯ್ಯುತ್ತಾರೆ. 65 ಲೀಟರ್ ಎಂದರೆ ಗಾಳಿಗೆ ಉಳಿಯಬೇಕಾದ ಜಾಗ; ಸ್ಪೀಕರಿನ ಬೆನ್ನು, ಪೈಪು, ಒಳಗಿನ ಅಡ್ಡಪಟ್ಟಿ ತಿನ್ನುವ ಐದಾರು ಲೀಟರನ್ನು ಅದಕ್ಕೆ ಕೂಡಬೇಕು. ಒಳ ಅಳತೆ 52 × 40 × 34 ಸೆಂಟಿಮೀಟರ್ ಇಟ್ಟುಕೊಂಡರೆ ಹತ್ತಿರಹತ್ತಿರ 71 ಲೀಟರ್ ಆಗುತ್ತದೆ. 18 ಮಿಲಿಮೀಟರ್ ದಪ್ಪದ 8 × 4 ಅಡಿ ಪ್ಲೈವುಡ್ಡಿನ ಒಂದೇ ಹಾಳೆಯಲ್ಲಿ ಇಂಥ ಎರಡು ಡಬ್ಬ ಹೊರಡುತ್ತವೆ. ಎಂಡಿಎಫ್ ಹಲಗೆ ಅಗ್ಗ, ಕೊಯ್ಯಲು ಮೆತ್ತಗೆ, ಮನೆಯೊಳಗಿನ ಡಬ್ಬಕ್ಕೆ ಉತ್ತಮವೂ ಹೌದು. ನೀರು ತಾಗಿದರೆ ಮಾತ್ರ ಉಬ್ಬಿಬಿಡುತ್ತದೆ. ಒಣಸೀಮೆಯ ರಾಮದುರ್ಗದಲ್ಲಿ ಹೇಗೋ ನಡೆದೀತು. ಮಲೆನಾಡಿನ ಸೆರಗಿಗಿರುವ ಕಿತ್ತೂರಿನ ಮಳೆಗೆ ಬಯಲಲ್ಲಿ ನಿಲ್ಲುವ ಡಬ್ಬಕ್ಕೆ ಅದು ಸಲ್ಲದು. ಹಲಗೆ ತೆಳುವಾದರೆ ಅದೇ ನಡುಗಿ ದನಿ ತೆಗೆಯುತ್ತದೆ, ಸಂದು ಸಡಿಲಾದರೆ ಗಾಳಿ ಸೋರಿ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಈ ಎರಡು ತಪ್ಪುಗಳ ಸುಳಿವು ತಂತ್ರಾಂಶಕ್ಕೆ ಸಿಗುವುದಿಲ್ಲ, ಅಲ್ಲಿ ಬಡಿಗೇರರ ಕೈಯೇ ಪ್ರಮಾಣ.

ಟ್ರ್ಯಾಕ್ಟರಿನ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಬೇಕು. 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ 4 ಓಮ್ ಸ್ಪೀಕರಿಗೆ ಸಿಗುವುದು ಹದಿನೆಂಟಿಪ್ಪತ್ತು ವಾಟ್ ಮಾತ್ರ. ಹೆಚ್ಚು ಬೇಕಾದರೆ ಆಂಪ್ಲಿಫೈಯರು ತನ್ನೊಳಗೇ ವೋಲ್ಟ್ ಏರಿಸಿಕೊಳ್ಳಬೇಕು; 500 ವಾಟ್ ಸತತವಾಗಿ ತೆಗೆಯಲು ಬ್ಯಾಟರಿಯಿಂದ 60 ಆಂಪಿಯರಿನಷ್ಟು ಹೀರುತ್ತದೆ. ವಾಟ್ ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬೆಲ್, ಕಿವಿಗೆ ಗೊತ್ತಾಗುವಷ್ಟು, ಅಷ್ಟೇ. ಕಿವಿಗೆ ದುಪ್ಪಟ್ಟು ಅನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಸರಿಯಾದ ಡಬ್ಬ ಈ ಖರ್ಚನ್ನು ಉಳಿಸುತ್ತದೆ.

ಶಬ್ದ ಸಾಲದೆಂಬ ದೂರಿಗೆ ಬಯಲಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಂದು ವಾಟಿಗೆ ಒಂದು ಮೀಟರಿನಲ್ಲಿ 90 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರು 100 ವಾಟಿಗೆ 110 ಕೊಡುತ್ತದೆ. ದೂರ ಇಮ್ಮಡಿಯಾದ ಹಾಗೆ 6 ಡೆಸಿಬೆಲ್ ಇಳಿಯುತ್ತ, ಅಡ್ಡಿಯಿಲ್ಲದ ಬಯಲಿನಲ್ಲಿ 64 ಮೀಟರಿಗೆ 74, ಅರ್ಧ ಕಿಲೋಮೀಟರಿಗೆ 56. ಶಬ್ದ ಮಾಲಿನ್ಯ ನಿಯಮಗಳು, 2000 ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಕಬ್ಬಿನ ಟ್ರೇಲರ್ ಎಳೆಯುವ ಚಾಲಕನ ಕಿವಿ ಡಬ್ಬದಿಂದ ಒಂದು ಮೀಟರೂ ದೂರವಿರುವುದಿಲ್ಲ, ಹಿಂದಿನ ಬಸ್ಸಿನ ಹಾರ್ನ್ ಅವನಿಗೆ ಕೇಳುವ ಮಾತೇ ಇಲ್ಲ. ದನಿ ಚೊಕ್ಕವಾದರೆ ಏರಿಸುವ ಆಸೆ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ; ಮೆರವಣಿಗೆಗಳನ್ನು ನೋಡಿದರೆ ಅದನ್ನು ನಂಬುವುದು ಕಷ್ಟ.

ಜಾತ್ರೆ-ಮೆರವಣಿಗೆಯ ದೊಡ್ಡ ಡಬ್ಬಗಳಲ್ಲಿ ಒಳಗೆ ಹಲಗೆ ಮಡಿಸಿ ಬರಬರುತ್ತ ಅಗಲವಾಗುವ ದಾರಿ ಮಾಡಿರುತ್ತಾರೆ. ಅದು ಮಡಿಸಿಟ್ಟ ಹಾರ್ನ್. ಅದಕ್ಕೆ ವಿನ್‌ಐಎಸ್‌ಡಿ ಸಾಲದು. ಆಸ್ಟ್ರೇಲಿಯದ ಡೇವಿಡ್ ಮೆಕ್‌ಬೀನ್ ಮಾಡಿ ಪುಕ್ಕಟೆ ಕೊಟ್ಟಿರುವ ಹಾರ್ನ್‌ರೆಸ್ಪ್ ಬೇಕು. ಅದರ ಮುಖ ಒರಟು, ಕಲಿಯಲು ವಾರಗಳೇ ಹಿಡಿಯುತ್ತವೆ. ಚಿತ್ರ ನೋಡಿ ಮಡಿಕೆಗಳನ್ನು ನಕಲು ಮಾಡುವುದಂತೂ ಇಲ್ಲಿ ಸಾದಾ ಡಬ್ಬಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ದಾರಿಯ ಉದ್ದ ಒಂದಡಿ ತಪ್ಪಿದರೂ ನಾದವೇ ಬೇರೆ.

ಡಬ್ಬ ಮುಗಿದ ಮೇಲೆ ಲೆಕ್ಕ ಕೂಡಿತೇ ಎಂದು ಪರೀಕ್ಷಿಸುವುದು ಸುಲಭ. ಮುಚ್ಚಿದ ಡಬ್ಬವಾದರೆ ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದು ಬಿಡಬೇಕು. ತಟ್ಟನೆ ಪೂರ್ತಿ ಜಿಗಿಯದೆ ಸಾವಕಾಶ ಮೇಲೆದ್ದರೆ ಸಂದು ಬಿಗಿಯಾಗಿದೆ. ಕೊಳವೆಯ ಡಬ್ಬವಾದರೆ ಎಫ್‌ಎಸ್ ಅಳೆದ ಹಾಗೆಯೇ ರೆಸಿಸ್ಟರಿನ ಮೂಲಕ ತಡೆಯನ್ನು ಅಳೆಯಬೇಕು. ಈ ಬಾರಿ ಒಂದರ ಬದಲು ಎರಡು ಶಿಖರ ಬರುತ್ತವೆ, ನಡುವಿನ ತಗ್ಗು ಡಬ್ಬ ಹೊಂದಿಕೊಂಡ ಕಂಪನಾಂಕ. ತಗ್ಗು 40ರ ಬದಲು 38ಕ್ಕೆ ಬಂದಿದ್ದರೆ ಪೈಪನ್ನು ಗರಗಸದಿಂದ ಸ್ವಲ್ಪಸ್ವಲ್ಪವೇ ಕೊಯ್ಯುತ್ತ ಹೋಗಬಹುದು, 43ಕ್ಕೆ ಬಂದಿದ್ದರೆ ಉದ್ದನೆಯ ಬೇರೆ ಪೈಪು ಹಾಕಬೇಕು. ಅದಕ್ಕೇ ಪೈಪನ್ನು ಮೊದಲಿಗೆ ಎರಡು ಬೆರಳು ಉದ್ದವೇ ಇಟ್ಟುಕೊಂಡು, ಅಳತೆ ಕೂಡಿದ ಮೇಲಷ್ಟೇ ಅಂಟು ಹಾಕುತ್ತಾರೆ.