ಒಂದೇ ರೊಟ್ಟಿ, ಎಷ್ಟು ಪಂಕ್ತಿ?

ಪಂಕ್ತಿ ಊಟದ ಬೆಲೆ ಏನು ಅಂತ ತುಮಕೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಜಾತಿ ಕೇಳದೆ ಮುದ್ದೆ ಬಡಿಸುವುದನ್ನು ಊರೇ ಕಂಡಿದೆ. ಜೊತೆಗೆ ಕೂತು ಉಂಡವರನ್ನು ಆಮೇಲೆ ಹೊರಗಿನವರು ಅನ್ನೋದು ಕಷ್ಟ. ಅದಕ್ಕೇ ನಮ್ಮಲ್ಲಿ ಜಗಳ ಹತ್ತೋದು ಬಹಳ ಸಲ ದೇವರ ವಿಷಯಕ್ಕಲ್ಲ, ಎಲೆ ಹಾಕುವ ವಿಷಯಕ್ಕೆ.

ಕ್ರೈಸ್ತರದೂ ಇದೇ ಕಥೆ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಯೇಸುಸ್ವಾಮಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟು, ಬಟ್ಟಲು ಹಂಚಿ, ತಮ್ಮ ನೆನಪಿಗೆ ಹೀಗೇ ಮಾಡುತ್ತಿರಿ ಅಂದರು. ಪ್ರಾಟೆಸ್ಟೆಂಟರು ಇದನ್ನು ಕರ್ತನ ಭೋಜನ ಅಂತಾರೆ, ಕಥೋಲಿಕರು ಪರಮ ಪ್ರಸಾದ ಅಂತಾರೆ. ಒಂದೇ ರೊಟ್ಟಿಯಲ್ಲಿ ಪಾಲು ತಗೊಂಡವರು ಎಷ್ಟು ಜನವಿದ್ದರೂ ಒಂದೇ ದೇಹ ಅಂತ ಸಂತ ಪೌಲರು ಕೊರಿಂಥದ ಸಭೆಗೆ ಬರೆದರು. ಅದೇ ಪತ್ರದಲ್ಲಿ ಬೈದೂ ಇದ್ದಾರೆ. ಉಳ್ಳವರು ಮುಂಚೆಯೇ ತಿಂದು ಕುಡಿದು ತೇಗುತ್ತಾರೆ, ಇಲ್ಲದವರು ಹಸಿದು ಕೂತಿರುತ್ತಾರೆ, ಇದೆಂಥ ಕರ್ತನ ಭೋಜನ ಅಂತ. ಅಂದರೆ ಪಂಕ್ತಿಭೇದವೂ ಈ ಊಟದಷ್ಟೇ ಹಳೆಯದು.

ನಮ್ಮ ಜಿಲ್ಲೆಗೆ ಬರೋಣ. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಶುರುಮಾಡಿದ್ದು 1837ರಲ್ಲಿ. ಆಮೇಲೆ ಅಲ್ಲಿಗೆ ಬಂದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಮಿಷನ್ ಬಗ್ಗೆ ಪುಸ್ತಕವನ್ನೇ ಬರೆದರು. ಕುಣಿಗಲ್ಲು, ತುಮಕೂರು ಕೂಡ ಅದೇ ಮಿಷನ್ನಿನ ಠಾಣ್ಯಗಳಾದವು. ಹೀಗಾಗಿ ಈ ಕಡೆಯ ಹಳೇ ಪ್ರಾಟೆಸ್ಟೆಂಟ್ ಮನೆತನಗಳ ಬೇರು ಇರೋದು ಮೆಥಡಿಸ್ಟ್ ಸಭೆಯಲ್ಲಿ.

ಇಲ್ಲೇ ಒಂದು ತೊಡಕು. 1947ಕ್ಕೆ ಮುಂಚೆ ಗುಬ್ಬಿ ಕಡೆಯ ಮೆಥಡಿಸ್ಟ್ ಒಬ್ಬ ನೌಕರಿಗೆ ಅಂತ ಬೆಂಗಳೂರಿಗೆ ಹೋದ ಅನ್ನಿ. ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೋದರೆ ಚಿಂತೆಯಿಲ್ಲ. ಅದು ಕನ್ನಡದ್ದು, ಅವನದೇ ಸಭೆ. ಸೇಂಟ್ ಮಾರ್ಕ್ಸ್‌ಗೆ ಹೋದರೆ? ಅದು ಆಂಗ್ಲಿಕನ್. ಬಿಷಪ್ಪರು ತಲೆ ಮೇಲೆ ಕೈಯಿಟ್ಟು ದೃಢೀಕರಣ ಕೊಟ್ಟವರಿಗೆ ಪಂಕ್ತಿ ಅನ್ನೋದು ಆ ಸಭೆಯ ನಿಯಮ. ಮೆಥಡಿಸ್ಟರಲ್ಲಿ ಬಿಷಪ್ಪರೇ ಇರಲಿಲ್ಲ! ಒಂದೇ ಬೈಬಲ್ಲು, ಒಬ್ಬನೇ ಕರ್ತ, ಊಟದ ಮನೆ ಮಾತ್ರ ಬೇರೆ ಬೇರೆ.

ಇದಕ್ಕೆ ಮದ್ದು ಹುಡುಕಲು 1919ರಲ್ಲಿ ತರಂಗಂಬಾಡಿಯಲ್ಲಿ ಪಾದ್ರಿಗಳು ಸೇರಿದರು. ತೆಲುಗು ನಾಡಿನ ದೋರ್ನಕಲ್ ಬಿಷಪ್ ಅಜರಯ್ಯನವರು ಮುಂದಾಳು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿ ಕೊಟ್ಟ ರೊಟ್ಟಿ ಸಲ್ಲುತ್ತೋ ಇಲ್ಲವೋ? ಇಂಥ ಚರ್ಚೆಯಲ್ಲೇ 28 ವರ್ಷ ಕಳೆಯಿತು. ಅಜರಯ್ಯನವರು 1945ರಲ್ಲಿ ತೀರಿಕೊಂಡರು, ಫಲ ಕಾಣಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಒಲೆಗಳು ಒಂದಾದವು. ಅದುವರೆಗೆ ಇದ್ದ ಪಾದ್ರಿಗಳಿಗೆ ಮತ್ತೆ ದೀಕ್ಷೆ ಕೊಡದೆ, ಇದ್ದ ಹಾಗೇ ಒಪ್ಪಿಕೊಂಡರು. ಗಂಟು ಸಡಿಲವಾದದ್ದು ಅಲ್ಲೇ. ಇವತ್ತು ಸೇಂಟ್ ಮಾರ್ಕ್ಸು, ಹಡ್ಸನ್, ತುಮಕೂರಿನ ಸಿ.ಎಸ್.ಐ. ಸಭೆ ಎಲ್ಲಾ ಒಂದೇ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿವೆ.

ಇನ್ನು ಕಥೋಲಿಕರು. ಅವರ ಲೆಕ್ಕದಲ್ಲಿ ನಮ್ಮ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಕ್ರೈಸ್ತರನ್ನು ಸಹೋದರರು ಅಂತ ಕರೆಯಿತು. ಆದರೆ ಪ್ರಸಾದದ ಬಾಗಿಲು ಪೂರಾ ತೆರೆಯಲಿಲ್ಲ. 1983ರ ಧರ್ಮಸಭೆಯ ಕಾನೂನಿನಂತೆ ಸಿ.ಎಸ್.ಐ.ನಂಥ ಸಭೆಯವರಿಗೆ ಸಾವಿನ ಅಪಾಯ ಅಥವಾ ಅಂಥದೇ ಗಂಭೀರ ಅಗತ್ಯ ಇದ್ದರೆ ಮಾತ್ರ, ಅದೂ ಷರತ್ತಿನ ಮೇಲೆ, ಕೊಡಬಹುದು. ಪ್ರಸಾದ ಅನ್ನೋದು ಐಕ್ಯದ ಗುರುತು, ಐಕ್ಯವೇ ಆಗದೆ ಗುರುತು ಹಾಕಿಕೊಂಡರೆ ಸುಳ್ಳಾಗುತ್ತೆ ಅನ್ನೋದು ಅವರ ವಾದ. ಜೊತೆಗೆ ಉಂಡರೇ ಐಕ್ಯ ಬೆಳೆಯೋದು ಅನ್ನೋದು ಈ ಕಡೆಯ ಅನೇಕರ ವಾದ. ಎರಡರಲ್ಲೂ ಹುರುಳಿದೆ.

ನಡುವೆ ಸಿಕ್ಕಿಕೊಂಡವರು ಗಂಡ ಕಥೋಲಿಕ, ಹೆಂಡತಿ ಸಿ.ಎಸ್.ಐ. ಆಗಿರುವ ಮನೆಯವರು. ವಾರವೆಲ್ಲ ಒಂದೇ ಪಾತ್ರೆಯ ಸಾರು. ಭಾನುವಾರ ಒಬ್ಬರು ಎದ್ದು ಮುಂದೆ ಹೋದರೆ ಇನ್ನೊಬ್ಬರು ಬೆಂಚಿನಲ್ಲೇ. "ಅಮ್ಮಾ, ನೀನ್ಯಾಕೆ ಹೋಗ್ಲಿಲ್ಲ?" ಅಂತ ಮಗು ಕೇಳಿದರೆ ಏನು ಹೇಳೋದು?

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ: ಜಾತಿ. ತಂಜಾವೂರು, ಮದರಾಸಿನ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದ ಕ್ರೈಸ್ತರು ದಲಿತ ಕ್ರೈಸ್ತರ ಜೊತೆ ಕೂರಲು, ಒಂದೇ ಬಟ್ಟಲಿಗೆ ತುಟಿ ಇಡಲು ಒಪ್ಪುತ್ತಿರಲಿಲ್ಲ. ಇದು ನಿಲ್ಲಬೇಕು ಅಂತ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಹೊರಡಿಸಿದರು. ಬಹಳ ಮಂದಿ ಸಭೆಯನ್ನೇ ಬಿಟ್ಟು ಎದ್ದುಹೋದರು. ಇವತ್ತು ಬಟ್ಟಲಿನ ಮುಂದೆ ಯಾರೂ ಹಾಗೆ ಬಾಯಿಬಿಟ್ಟು ಹೇಳೋದಿಲ್ಲ. ಆದರೆ ಭಾನುವಾರ ಒಂದೇ ರೊಟ್ಟಿ ತಿಂದವರು ಸೋಮವಾರ ಹೆಣ್ಣು-ಗಂಡಿನ ಮಾತು ಬಂದಾಗ ಕುಲ ವಿಚಾರಿಸಿದರೆ, ಆ ರೊಟ್ಟಿ ಗಂಟಲಲ್ಲೇ ಉಳಿಯಿತು ಅಂತ ಅರ್ಥ.

ಆ ಮಗುವಿನ ಪ್ರಶ್ನೆಗೆ ಗುಬ್ಬಿ, ಕುಣಿಗಲ್ಲಿನಲ್ಲಿ ತೀರ್ಪು ಆಗೋದಿಲ್ಲ, ರೋಮಿನವರೂ ಒಪ್ಪಬೇಕು. ಕಾಯೋಣ. ಆದರೆ ಜಾತಿಯ ಪಂಕ್ತಿ ಮುರಿಯೋದಕ್ಕೆ ಯಾವ ಮಹಾಸಭೆಯ ಅಪ್ಪಣೆಯೂ ಬೇಕಿಲ್ಲ ಸ್ವಾಮಿ. ಅದನ್ನು ಬರೋ ಭಾನುವಾರವೇ ಮಾಡಬಹುದು.