ಬಿಗ್ ಫೈವ್: ಕಾಲ್ನಡಿಗೆಯ ಬೇಟೆಗಾರರು ಕಟ್ಟಿದ ಪಟ್ಟಿ

ದಕ್ಷಿಣ ಆಫ್ರಿಕಾದ ಅಂಗಡಿಯಲ್ಲಿ ಹತ್ತು ರ‍್ಯಾಂಡಿನ ನೋಟು ಕೊಟ್ಟರೆ ಅದರ ಮೇಲೆ ಖಡ್ಗಮೃಗವಿರುತ್ತದೆ. ಇಪ್ಪತ್ತರ ನೋಟಿನಲ್ಲಿ ಆನೆ, ಐವತ್ತರಲ್ಲಿ ಸಿಂಹ, ನೂರರಲ್ಲಿ ಕಾಡೆಮ್ಮೆ, ಇನ್ನೂರರಲ್ಲಿ ಚಿರತೆ. 1990ರ ದಶಕದಲ್ಲಿ ಇವು ನೋಟಿಗೆ ಬಂದವು. 2012ರಲ್ಲಿ ಮುಂಬದಿಗೆ ನೆಲ್ಸನ್ ಮಂಡೇಲಾ ಅವರ ಚಿತ್ರ ಬಂದಾಗ ಹಿಂಬದಿಗೆ ಸರಿದವೇ ಹೊರತು ಜಾಗ ಬಿಟ್ಟುಕೊಡಲಿಲ್ಲ. ಪ್ರವಾಸಿ ಕಂಪನಿಗಳ ಕರಪತ್ರದಿಂದ ಹಿಡಿದು ವಿಮಾನ ನಿಲ್ದಾಣದ ಅಂಗಡಿಯ ಬಟ್ಟಲಿನವರೆಗೆ ಈ ಐದರದ್ದೇ ಮೆರವಣಿಗೆ. ಬೆಂಗಳೂರಿನಿಂದ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿಬಂದವರನ್ನು ಮಾತಾಡಿಸಿದರೂ ಮೊದಲು ಬರುವ ಮಾತು ಇದೇ: ‘ಐದೂ ಸಿಕ್ಕವು’ ಅಥವಾ ‘ಚಿರತೆ ಒಂದು ತಪ್ಪಿಹೋಯಿತು’.

ಐದು ಎಂದು ಎಣಿಸಿದವರು ಯಾರು? ಈ ಐದೇ ಯಾಕೆ? ಎತ್ತರಕ್ಕೆ ಸಾಟಿಯಿಲ್ಲದ ಜಿರಾಫೆ ಪಟ್ಟಿಯಲ್ಲಿಲ್ಲ. ಕಾಡೆಮ್ಮೆಗಿಂತ ಭಾರಿಯಾದ ನೀರಾನೆ ಇಲ್ಲ. ಆದರೆ ಮನುಷ್ಯನಷ್ಟೇ ತೂಗುವ ಚಿರತೆ ಇದೆ. ಗಾತ್ರದ ಲೆಕ್ಕ ಹಿಡಿದರೆ ಈ ಪಟ್ಟಿ ನಿಲ್ಲುವುದೇ ಇಲ್ಲ. ಇದು ಕೋವಿ ಹೆಗಲಿಗೇರಿಸಿ ನಡೆದುಹೋದವರ ಪಟ್ಟಿ. ಗುಂಡು ತಾಗಿದರೂ ಸಾಯದೆ, ಓಡಿಹೋಗದೆ, ತಿರುಗಿ ಬಂದು ಹೊಡೆದವನನ್ನೇ ಮುಗಿಸುವ ಪ್ರಾಣಿಗಳು ಯಾವುವು ಎಂಬ ಪ್ರಶ್ನೆಗೆ ಶಿಬಿರದ ಬೆಂಕಿಯ ಸುತ್ತ ಕುಳಿತವರು ಕಂಡುಕೊಂಡ ಉತ್ತರ.

ಮೊದಮೊದಲು ಬಂದ ಬಿಳಿಯರಿಗೆ ಇಂಥ ಪಟ್ಟಿಯೇನೂ ಇರಲಿಲ್ಲ. 1836ರಲ್ಲಿ ದಕ್ಷಿಣ ಆಫ್ರಿಕಾದ ಒಳನಾಡಿಗೆ ಎತ್ತಿನ ಬಂಡಿ ಹೂಡಿಕೊಂಡು ಹೋದ ವಿಲಿಯಂ ಕಾರ್ನ್‌ವಾಲಿಸ್ ಹ್ಯಾರಿಸ್ ನಮ್ಮ ಕಡೆಯಿಂದಲೇ ಹೋದವನು. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದ ಆತ ಆರೋಗ್ಯ ಸುಧಾರಿಸಿಕೊಳ್ಳಲು ರಜೆಯ ಮೇಲೆ ಕೇಪ್‌ಗೆ ಹೋಗಿದ್ದ. ಕುದುರೆಯ ಮೇಲಿಂದ ಕಂಡದ್ದನ್ನೆಲ್ಲ ಹೊಡೆದ, ಹೊಡೆದದ್ದನ್ನೆಲ್ಲ ಚಿತ್ರ ಬರೆದ. ಬಾಗಿದ ಕತ್ತಿಯಂಥ ಕೊಂಬಿನ ಕಪ್ಪು ಹುಲ್ಲೆ ‘ಸೇಬಲ್’ ಅನ್ನು ಯುರೋಪಿನ ವಿಜ್ಞಾನಕ್ಕೆ ಪರಿಚಯಿಸಿದವನು ಅವನೇ. ಪ್ರವಾಸದ ಕಥನ 1838ರಲ್ಲಿ ಮುಂಬಯಿಯಲ್ಲೇ ಅಚ್ಚಾಯಿತು. ಅವನ ಕಣ್ಣಿಗೆ ಎಲ್ಲಕ್ಕಿಂತ ಮಿಗಿಲಾಗಿ ಕಂಡದ್ದು ಆನೆಯೂ ಅಲ್ಲ, ಸಿಂಹವೂ ಅಲ್ಲ, ಆ ಹುಲ್ಲೆ.

ಕುದುರೆಯ ಮೇಲೆ ಕುಳಿತವನಿಗೆ ಕಾಡೆಮ್ಮೆಯ ಭಯ ಅಷ್ಟಿಲ್ಲ. ಲಗಾಮು ತಿರುಗಿಸಿದರೆ ಆಯಿತು. ಆ ಅನುಕೂಲವನ್ನು ಕಿತ್ತುಕೊಂಡದ್ದು ಒಂದು ನೊಣ. ಲಿಂಪೊಪೊ ನದಿಯಿಂದ ಉತ್ತರಕ್ಕೆ ಹೋದಂತೆ ಟ್ಸೆಟ್ಸೆ ನೊಣದ ಸೀಮೆಗಳು ಎದುರಾಗುತ್ತವೆ. ಅದು ಕಚ್ಚಿದ ಕುದುರೆ, ಎತ್ತುಗಳಿಗೆ ನಾಗಾನಾ ಎಂಬ ರೋಗ ತಗುಲಿ, ಬಡಕಲಾಗಿ ಸಾಯುತ್ತವೆ. 1871ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ಆಫ್ರಿಕಾಕ್ಕೆ ಬಂದ ಫ್ರೆಡರಿಕ್ ಸೆಲೂಸ್ ನೊಣದ ಸೀಮೆಯ ಅಂಚಿನಲ್ಲಿ ಬಂಡಿ ನಿಲ್ಲಿಸಿ, ಮುಂದಕ್ಕೆ ಆನೆಯ ಹಿಂದೆ ನಡೆದೇ ಹೋದ. ಕೈಯಲ್ಲಿದ್ದದ್ದು ಬಾಯಿಯ ಕಡೆಯಿಂದ ಮದ್ದು ತುಂಬುವ ದಪ್ಪ ನಳಿಗೆಯ ಕೋವಿ. ಒಂದು ಗುಂಡು ಹಾರಿಸಿದರೆ ಹೊಗೆ ಕವಿದು ಎದುರಿನದ್ದು ಕಾಣದು. ಮತ್ತೆ ಮದ್ದು ಗಿಡಿಯುವಷ್ಟು ಹೊತ್ತು ಗಾಯಗೊಂಡ ಆನೆ ಕಾಯುವುದಿಲ್ಲ. ಐದರ ಪಟ್ಟಿಯ ಬೇರು ಈ ಹೆಜ್ಜೆಗಳಲ್ಲಿದೆ ಎಂದೇ ನನ್ನ ತಿಳಿವಳಿಕೆ.

ಐದರಲ್ಲಿ ಒಂದೊಂದರ ಭಯವೂ ಬೇರೆ. ಆನೆಯ ಮಿದುಳು ದೊಡ್ಡ ತಲೆಬುರುಡೆಯ ಹಿಂಭಾಗದಲ್ಲಿ, ತಗ್ಗಿನಲ್ಲಿ ಅಡಗಿದೆ. ಬುರುಡೆಯ ಮೇಲ್ಭಾಗ ಜೇನುಗೂಡಿನಂತೆ ಪೊಳ್ಳು ಮೂಳೆ. ಅಂಗುಲ ತಪ್ಪಿದರೂ ಗುಂಡು ವ್ಯರ್ಥ. ಇದನ್ನು ಅರಗಿಸಿಕೊಂಡಿದ್ದ ‘ಕರಮೋಜಾ’ ಬೆಲ್ ಎಂಬಾತ ಸಣ್ಣ ಗುಂಡಿನ ರೈಫಲ್ಲಿನಿಂದಲೇ ಸಾವಿರಕ್ಕೂ ಹೆಚ್ಚು ಆನೆ ಕೊಂದ. ಕಪ್ಪು ಖಡ್ಗಮೃಗಕ್ಕೆ ಕಣ್ಣು ಮಂದ, ಮೂಗು, ಕಿವಿ ಚುರುಕು. ವಾಸನೆ ಬಡಿದರೆ ಪೊದೆ ಸೀಳಿಕೊಂಡು ಸೀದಾ ನುಗ್ಗುತ್ತದೆ. ಸಿಂಹ ಎತ್ತರದ ಹುಲ್ಲಿನಲ್ಲಿ ನೆಲಕ್ಕಂಟಿ ಮಲಗಿದರೆ ಕೆಲವೇ ಹೆಜ್ಜೆ ದೂರದಲ್ಲಿದ್ದರೂ ಕಾಣದು.

ಬೇಟೆಗಾರರು ಹೆಚ್ಚು ಮಾತಾಡುವುದು ಉಳಿದ ಎರಡರ ಬಗ್ಗೆ. ಚಿರತೆಯನ್ನು ಹುಡುಕಿಕೊಂಡು ಹೋಗಿ ಹೊಡೆಯುವುದು ಅಪರೂಪ. ಸತ್ತ ಇಂಪಾಲವನ್ನು ಮರದ ಕೊಂಬೆಗೆ ಕಟ್ಟಿ, ಎದುರಿಗೆ ಸೊಪ್ಪುಸದೆಯ ಮರೆ ಮಾಡಿ, ಉಸಿರು ಬಿಗಿಹಿಡಿದು ಮುಸ್ಸಂಜೆಯವರೆಗೆ ಕೂರಬೇಕು. ಗುರಿ ಕೆಟ್ಟು ಅದು ಗಾಯಗೊಂಡು ಪೊದೆ ಸೇರಿತೋ, ಕತ್ತಲಲ್ಲಿ ಹಿಂದೆ ಹೋಗಬೇಕಾದ ಹೊಣೆ ವೃತ್ತಿಬೇಟೆಗಾರನದು ಮತ್ತು ಅವನ ಜಾಡುಗಾರನದು. ಸದ್ದಿಲ್ಲದೆ ಬರುವ ಚಿರತೆ ಮುಖ, ಕುತ್ತಿಗೆಗೇ ಹಾರುತ್ತದೆ.

ಕಾಡೆಮ್ಮೆಯ ಬಗೆ ಇನ್ನೊಂದು. ಗಂಡಿನ ಎರಡು ಕೊಂಬುಗಳ ಬುಡ ಹಣೆಯ ಮೇಲೆ ಕೂಡಿ ದಪ್ಪ ಗುರಾಣಿಯಾಗಿರುತ್ತದೆ. ಏಳೆಂಟು ನೂರು ಕಿಲೋ ತೂಗುವ ದೇಹ. ಗುಂಡು ತಿಂದ ಕಾಡೆಮ್ಮೆ ಮುಳ್ಳುಪೊದೆ ಹೊಕ್ಕು ತಾನು ಬಂದ ದಾರಿಗೇ ಕಣ್ಣಿಟ್ಟು ನಿಲ್ಲುತ್ತದೆ ಎಂಬುದು ಜಾಡುಗಾರರೆಲ್ಲ ಹೇಳುವ ಮಾತು. ಸಾಕುವ ಎಮ್ಮೆಯ ಸೌಮ್ಯ ಮುಖ ಕಂಡು ಬೆಳೆದ ನಮಗೆ ಇದು ನಂಬಲು ಕಷ್ಟ. ಆದರೆ ಇಂದಿಗೂ ಬೇಟೆ ಅನುಮತಿಸುವ ಹಲವು ದೇಶಗಳಲ್ಲಿ ಇದಕ್ಕೆ .375ಕ್ಕಿಂತ ಸಣ್ಣ ರೈಫಲ್ ಹಿಡಿಯಬಾರದೆಂಬ ಕಾನೂನಿದೆ.

ಒಂಟಿ ಸಾಹಸಿಗಳ ಈ ಹುಚ್ಚು ದಂಧೆಯಾದದ್ದು ರೈಲಿನಿಂದ. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರಕ್ಕೆ 1896ರಿಂದ 1901ರವರೆಗೆ ಉಗಾಂಡಾ ರೈಲ್ವೆ ಹಾಸಿದವರು ಹೆಚ್ಚಾಗಿ ಪಂಜಾಬ್ ಕಡೆಯಿಂದ ಕರೆತಂದ ಕೂಲಿಗಳು, ಸುಮಾರು 32,000 ಮಂದಿ. ಅವರಲ್ಲಿ ಸುಮಾರು 2,500 ಜನ ಕೆಲಸದ ನಡುವೆಯೇ ಸತ್ತರು. 1898ರಲ್ಲಿ ಸಾವೊ ನದಿಯ ಸೇತುವೆ ಕಟ್ಟುವಾಗ ಎರಡು ಸಿಂಹಗಳು ತಿಂಗಳುಗಟ್ಟಲೆ ಗುಡಾರಗಳಿಂದ ಕೂಲಿಗಳನ್ನು ಎಳೆದೊಯ್ದವು. ಅವನ್ನು ಹೊಡೆದ ಎಂಜಿನಿಯರ್ ಪ್ಯಾಟರ್ಸನ್ 1907ರಲ್ಲಿ ಬರೆದ ಪುಸ್ತಕ ಲೋಕಪ್ರಸಿದ್ಧವಾಯಿತು. ತೊಗಲುಗಳನ್ನು 1924ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂ ಕೊಂಡಿತು. ಸಿಂಹಗಳು ಇವತ್ತಿಗೂ ಅಲ್ಲಿ ಗಾಜಿನ ಹಿಂದೆ ನಿಂತಿವೆ. ಸತ್ತ ಕೂಲಿಗಳ ಹೆಸರು ಮಾತ್ರ ಆ ಪ್ರಸಿದ್ಧಿಯಲ್ಲಿ ಕರಗಿಹೋಯಿತು.

ರೈಲು ಬಂದ ಮೇಲೆ ನೈರೋಬಿ ಹುಟ್ಟಿತು. ನೈರೋಬಿಯಲ್ಲಿ ಬೇಟೆ ಏರ್ಪಡಿಸುವ ಕಂಪನಿಗಳು ಹುಟ್ಟಿದವು. 1909ರ ಏಪ್ರಿಲ್‌ನಲ್ಲಿ, ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟು ಎರಡು ತಿಂಗಳು ಕಳೆಯುವಷ್ಟರಲ್ಲಿ, ಥಿಯೋಡೋರ್ ರೂಸ್ವೆಲ್ಟ್ ಮಗ ಕರ್ಮಿಟ್ ಜೊತೆ ಮೊಂಬಾಸಾದಲ್ಲಿ ಇಳಿದರು. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಮಾದರಿ ತರುವುದು ಉದ್ದೇಶ. ಚರ್ಮ ಕೆಡದಂತೆ ನಾಲ್ಕು ಟನ್ ಉಪ್ಪು, ಹೊರಲು ಇನ್ನೂರಕ್ಕೂ ಮಿಕ್ಕ ಆಳುಗಳು. ಒಬ್ಬೊಬ್ಬ ಹಮಾಲಿಯ ತಲೆಯ ಮೇಲೆ ಅರವತ್ತು ಪೌಂಡ್, ಎಂದರೆ 27 ಕಿಲೋ ಹೊರೆ. ಅಪ್ಪ ಮಗ ಸೇರಿ ಉರುಳಿಸಿದ ದೊಡ್ಡ ಪ್ರಾಣಿಗಳು 512. ತಂದೆಯ ಲೆಕ್ಕದಲ್ಲಿ ಸಿಂಹ ಒಂಬತ್ತು, ಆನೆ ಎಂಟು. ಚಿರತೆ ಒಂದೂ ಇಲ್ಲ. ಅಪರೂಪದ ಬಿಳಿ ಖಡ್ಗಮೃಗಗಳನ್ನೂ ಇಬ್ಬರೂ ಸೇರಿ ಒಂಬತ್ತು ಕೊಂದರು. ವಿಜ್ಞಾನಕ್ಕೆ ಅಷ್ಟು ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಬೇಕಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಆ ಪ್ರವಾಸದ ಕಥನ ಅಮೆರಿಕದ ಮನೆಮನೆ ತಲುಪಿ, ಹಣವಿದ್ದವನು ಜೀವನದಲ್ಲಿ ಒಮ್ಮೆ ಮಾಡಲೇಬೇಕಾದ ಯಾತ್ರೆಯಾಗಿ ಸಫಾರಿಯನ್ನು ನಿಲ್ಲಿಸಿತು.

ಆಗಿನ ಕೀನ್ಯಾದಲ್ಲಿ ಸಿಂಹ, ಚಿರತೆಗಳು ದನ ತಿನ್ನುವ ಪೀಡೆಗಳೆಂದು ಎಣಿಸಲ್ಪಟ್ಟಿದ್ದವು. ಪರವಾನಗಿಯ ಮಿತಿ ಅವಕ್ಕಿರಲಿಲ್ಲ. 1944ರಿಂದ 1946ರೊಳಗೆ ಮಕುವೇನಿ ಪ್ರದೇಶವನ್ನು ಬೇಸಾಯಕ್ಕೆ ತೆರವು ಮಾಡಲು ಸರ್ಕಾರ ನೇಮಿಸಿದ ಜೆ. ಎ. ಹಂಟರ್ ಹೆಚ್ಚುಕಡಿಮೆ ಒಂದು ಸಾವಿರ ಖಡ್ಗಮೃಗಗಳನ್ನು ಹೊಡೆದುಹಾಕಿದ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಪ್ರಾಣಿಗಳಿಗೆ ಬೆಲೆಯಿತ್ತೆಂದು ತಿಳಿಯಬಾರದು. ಬೆಲೆಯಿದ್ದದ್ದು ಎದುರಿಗೆ ನಿಂತವನ ಎದೆಗಾರಿಕೆಗೆ.

ಎಲ್ಲ ಬೇಟೆಗಾರರ ಮನಸ್ಸೂ ಐದರಲ್ಲೇ ಇತ್ತೆಂದಲ್ಲ. 1933ರ ಕೊನೆಯಲ್ಲಿ ಬಂದ ಅರ್ನೆಸ್ಟ್ ಹೆಮಿಂಗ್ವೆ ಹಂಬಲಿಸಿದ್ದು ತಿರುಚಿದ ಕೊಂಬಿನ ದೊಡ್ಡ ಕೂಡೂ ಹುಲ್ಲೆಗೆ. 1935ರಲ್ಲಿ ಬಂದ ಅವರ ಸಫಾರಿ ಪುಸ್ತಕದ ಎಳೆಯೇ ಆ ಹುಡುಕಾಟ. ಕೂಡೂವಿನಿಂದ ಪ್ರಾಣಾಪಾಯವಿಲ್ಲ. ಆದರೆ ಅದರಷ್ಟು ಎಚ್ಚರದ ಪ್ರಾಣಿ ಕಡಿಮೆ, ಬೂದುಬಣ್ಣದ ಕುರುಚಲಲ್ಲಿ ನಿಂತರೆ ನೆರಳಾಗಿಬಿಡುತ್ತದೆ. ಲಂಡನ್ನಿನ ರೋಲಂಡ್ ವಾರ್ಡ್ ಸಂಸ್ಥೆ 1892ರಿಂದ ಕೊಂಬಿನ ಉದ್ದಗಲಗಳ ದಾಖಲೆ ಪುಸ್ತಕ ತರುತ್ತಿತ್ತು. ಇಂಚಿನ ಲೆಕ್ಕಕ್ಕೆ ಬಿದ್ದವರಿಗೆ ಕೂಡೂ, ಸೇಬಲ್‌ಗಳೇ ದೊಡ್ಡ ಬಹುಮಾನ.

ಇಷ್ಟೆಲ್ಲ ಪುಸ್ತಕಗಳಲ್ಲಿ ಬರೆದವನೇ ನಾಯಕ. ಹೆಜ್ಜೆ ಓದಿದವರು, ಹುಲ್ಲು ಬಾಗಿದ ಬಗೆ ನೋಡಿ ಪ್ರಾಣಿ ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳಿದವರು, ಎರಡನೆಯ ಕೋವಿ ಹಿಡಿದು ಬೆನ್ನಿಗೆ ನಿಂತವರು ಕಾಂಬಾ, ಡೊರೊಬೊ, ವಾಟಾ ಜನ. ವಾಟಾ ಬಿಲ್ಲುಗಾರರಂತೂ ಸಾವೊ ಸೀಮೆಯಲ್ಲಿ ವಿಷ ಸವರಿದ ಬಾಣದಿಂದ ತಲೆತಲಾಂತರದಿಂದ ಆನೆ ಬೇಟೆಯಾಡಿ ಬದುಕಿದವರು. 1948ರಲ್ಲಿ ಸಾವೊ ರಾಷ್ಟ್ರೀಯ ಉದ್ಯಾನವಾಯಿತು. 1950ರ ದಶಕದ ನಡುವೆ ಕಳ್ಳಬೇಟೆ ತಡೆಯುವ ಕಾರ್ಯಾಚರಣೆ ನಡೆದು ಅವರು ಜೈಲು ಸೇರಿದರು. ಅದೇ ಹೊತ್ತಿಗೆ ಪರವಾನಗಿ ಹಣ ತೆತ್ತ ವಿದೇಶಿಯರು ಕೀನ್ಯಾದ ಬೇಟೆ ವಲಯಗಳಲ್ಲಿ ದಂತಕ್ಕಾಗಿ ಆನೆ ಹೊಡೆಯುತ್ತಿದ್ದರು. ನಾಗರಹೊಳೆಯ ಜೇನುಕುರುಬರ ಪಾಡು ಬಲ್ಲ ನಮ್ಮ ಓದುಗರಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಿಯ ಅರ್ಥ ಸಡಿಲವಾದದ್ದು ಮೋಟಾರು ಬಂದ ಮೇಲೆ. 1920ರ ದಶಕದ ಕೊನೆಗೆ ಸೆರೆಂಗೆಟಿಯಲ್ಲಿ ಕಾರಿನೊಳಗೆ ಕುಳಿತೇ ಸಿಂಹಗಳನ್ನು ಸಾಲುಸಾಲಾಗಿ ಹೊಡೆಯತೊಡಗಿದರು. ವೃತ್ತಿಬೇಟೆಗಾರ ಡೆನಿಸ್ ಫಿಂಚ್ ಹ್ಯಾಟನ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ಇದನ್ನು ಖಂಡಿಸಿದ. 1934ರಲ್ಲಿ ನೈರೋಬಿಯಲ್ಲಿ ವೃತ್ತಿಬೇಟೆಗಾರರ ಸಂಘವೂ ಕಟ್ಟಿಕೊಂಡಿತು. ಅತ್ತ ದಕ್ಷಿಣದಲ್ಲಿ, 1926ರಲ್ಲಿ ಘೋಷಣೆಯಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಮರುವರ್ಷ ಕೇವಲ ಮೂರು ಪ್ರವಾಸಿ ಕಾರುಗಳು ಬಂದವು. ಪ್ರಾಣಿಯನ್ನು ನೋಡಿ ಸುಮ್ಮನೆ ಹಿಂದಿರುಗುವ ಪ್ರವಾಸ ಹೀಗೆ ಸಣ್ಣದಾಗಿ ಶುರುವಾಯಿತು. ಕುಮಾವೂನಿನ ನರಭಕ್ಷಕಗಳನ್ನು ಹೊಡೆದ ಜಿಮ್ ಕಾರ್ಬೆಟ್ ಕೂಡ 1947ರಲ್ಲಿ ಕೀನ್ಯಾದ ನ್ಯೇರಿಗೆ ಹೋಗಿ ನೆಲೆಸಿದರು. 1952ರ ಫೆಬ್ರುವರಿಯಲ್ಲಿ ರಾಜಕುಮಾರಿ ಎಲಿಜಬೆತ್ ‘ಟ್ರೀಟಾಪ್ಸ್’ ಮರದ ಮನೆಯಲ್ಲಿ ಕುಳಿತು ಆನೆಗಳನ್ನು ನೋಡುತ್ತಿದ್ದಾಗ ಪಕ್ಕದಲ್ಲಿದ್ದವರು ಅವರೇ. ಆ ರಾತ್ರಿಯೇ ತಂದೆ ತೀರಿಕೊಂಡು ಆಕೆ ರಾಣಿಯಾದರು.

ಭಾರತ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಗೆ ತೆರೆ ಎಳೆದ ಮರುವರ್ಷ ಕೀನ್ಯಾ ಆನೆ ಬೇಟೆ ನಿಷೇಧಿಸಿತು. 1977ರಲ್ಲಿ ಕ್ರೀಡಾ ಬೇಟೆಯನ್ನೇ ನಿಲ್ಲಿಸಿತು. ವೃತ್ತಿಬೇಟೆಗಾರರ ಸಂಘ ಅದೇ ವರ್ಷ ಮುಚ್ಚಿತು. ಆದರೆ ಆ ಜನ ಎಲ್ಲರೂ ಕಣ್ಮರೆಯಾಗಲಿಲ್ಲ. ಅವರಲ್ಲಿ ಹಲವರು ಅದೇ ಜೀಪು, ಅದೇ ಗುಡಾರ, ಅದೇ ಜಾಡುಗಾರರೊಂದಿಗೆ ಕ್ಯಾಮೆರಾ ಪ್ರವಾಸಿಗರನ್ನು ಕರೆದೊಯ್ಯತೊಡಗಿದರು. ಮಾತೂ ಅವರದೇ ಉಳಿಯಿತು. ‘ಬಿಗ್ ಫೈವ್’ ಕೋವಿಯಿಂದ ಕ್ಯಾಮೆರಾಕ್ಕೆ ದಾಟಿದ್ದು ಹೀಗೆ. ತೆರೆದ ವಾಹನದಲ್ಲಿ ಕುಳಿತವನಿಗೆ ಕಾಡೆಮ್ಮೆ ದೂರದಲ್ಲಿ ಮೇಯುವ ದನ. ಅದು ಪಟ್ಟಿಯಲ್ಲೇಕಿದೆ ಎಂದು ಅವನಿಗೆ ಹೊಳೆಯುವುದೇ ಇಲ್ಲ.

ಬೇಟೆ ಮುಗಿದಿಲ್ಲ. ದಕ್ಷಿಣ ಆಫ್ರಿಕಾ, ನಮೀಬಿಯಾ, ಟಾಂಜಾನಿಯಾ, ಜಿಂಬಾಬ್ವೆಗಳಲ್ಲಿ ಪರವಾನಗಿ ಸಿಗುತ್ತದೆ. ಬೋಟ್ಸ್ವಾನಾ 2014ರಲ್ಲಿ ನಿಷೇಧಿಸಿ 2019ರಲ್ಲಿ ಮತ್ತೆ ತೆರೆಯಿತು. 2014ರಲ್ಲಿ ನಮೀಬಿಯಾದ ಒಂದು ಮುದಿ ಗಂಡು ಕಪ್ಪು ಖಡ್ಗಮೃಗವನ್ನು ಕೊಲ್ಲುವ ಹಕ್ಕು ಅಮೆರಿಕದಲ್ಲಿ 3,50,000 ಡಾಲರಿಗೆ ಹರಾಜಾಯಿತು. ಹಣ ಖಡ್ಗಮೃಗದ ರಕ್ಷಣೆಗೆ ಎಂದರು. 1970ರ ಸುಮಾರಿಗೆ 65,000ದಷ್ಟಿದ್ದ ಆ ಪ್ರಾಣಿ 1990ರ ದಶಕದಲ್ಲಿ 2,500ಕ್ಕೂ ಕೆಳಗಿಳಿದು ಈಗ ಮೆಲ್ಲಗೆ ಚೇತರಿಸುತ್ತಿದೆ. ಗೋಡೆಗೆ ತೂಗುಹಾಕುವ ತಲೆಗಾಗಿ ಕೊಲ್ಲುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೂ ಆನೆ ತುಳಿದ ಹೊಲದ ಬದುವಿನಲ್ಲಿ ನಿಂತ ಬೋಟ್ಸ್ವಾನಾದ ರೈತನ ಮಾತನ್ನು ಕೇಳದೆ ತೀರ್ಪು ಕೊಡಲಾರೆ. ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗೆ ಜೀವ ತೆತ್ತವರ ಮನೆಗಳು ನಮ್ಮಲ್ಲೂ ಇವೆ.

ಪಟ್ಟಿಯ ಹಾನಿ ಬೇರೆ ಕಡೆ ಇದೆ. ಮಾರಾದಲ್ಲಿ ಒಂದು ಚಿರತೆ ಕಂಡಿತೆಂದು ರೇಡಿಯೋದಲ್ಲಿ ಸುದ್ದಿ ಹಬ್ಬಿದರೆ ಹತ್ತಾರು ವಾಹನಗಳು ಮರ ಸುತ್ತುವರಿಯುತ್ತವೆ. ಇಡೀ ಖಂಡದಲ್ಲಿ ಸುಮಾರು 6,600 ಮಾತ್ರ ಉಳಿದಿರುವ ಕಾಡುನಾಯಿ ಐದರಲ್ಲಿಲ್ಲ. ಕಳ್ಳಸಾಗಣೆಗೆ ಬಲಿಯಾಗುತ್ತಿರುವ ಚಿಪ್ಪುಹಂದಿ ಇಲ್ಲ. ಮಾರ್ಗದರ್ಶಕರೇ ಇದಕ್ಕೆ ಸುಂದರವಾದ ಉತ್ತರ ಕಂಡುಕೊಂಡಿದ್ದಾರೆ: ‘ಲಿಟ್ಲ್ ಫೈವ್’. ಆನೆಮೂತಿಯ ಪುಟ್ಟ ಶ್ರೂ, ಇಂಗ್ಲಿಷಿನಲ್ಲಿ ‘ಆಂಟ್‌ಲಯನ್’ ಎನ್ನುವ ಗುಬ್ಬಚ್ಚಿ ಹುಳು, ಖಡ್ಗಮೃಗದಂಥ ಕೊಂಬಿನ ಜೀರುಂಡೆ, ಚಿರತೆ ಚುಕ್ಕೆಯ ಆಮೆ, ಬಫೆಲೋ ವೀವರ್ ಎಂಬ ಗೀಜಗ. ಇವುಗಳಲ್ಲಿ ಹೆಚ್ಚಿನವನ್ನು ನೋಡಬೇಕಾದರೆ ವಾಹನದಿಂದ ಇಳಿಯಬೇಕು.

ಆದ್ದರಿಂದ ಆಫ್ರಿಕಾಕ್ಕೆ ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ. ಐದೂ ತೋರಿಸಿ ಎಂದು ಚಾಲಕನನ್ನು ಅವಸರಪಡಿಸಬೇಡಿ. ಮಾರಾದ ಅಂಚಿನಲ್ಲಿ ಮಸಾಯಿ ಕುಟುಂಬಗಳು ತಮ್ಮ ಸ್ವಂತ ಜಮೀನನ್ನು ವನ್ಯಜೀವಿಗಳಿಗೆಂದು ಗುತ್ತಿಗೆ ಕೊಟ್ಟಿರುವ ಕನ್ಸರ್ವೆನ್ಸಿಗಳಿವೆ. ವಾಹನಗಳ ಸಂಖ್ಯೆಗೆ ಅಲ್ಲಿ ಮಿತಿ ಇದೆ, ಬಾಡಿಗೆ ಆ ಮನೆಗಳಿಗೆ ಸೇರುತ್ತದೆ, ಸ್ಥಳೀಯ ಜಾಡುಗಾರರೊಂದಿಗೆ ಕಾಲ್ನಡಿಗೆಯಲ್ಲಿ ಹೋಗುವ ಅವಕಾಶವೂ ಹಲವೆಡೆ ಇದೆ. ಟಿಕೆಟ್ ಕಾಯ್ದಿರಿಸುವ ಮುನ್ನ ನಿಮ್ಮ ಪ್ರವಾಸಿ ಕಂಪನಿಯನ್ನು ಅದರ ಬಗ್ಗೆ ಕೇಳಿ.