ಒಂದು ಯಂತ್ರ, ಎರಡು ಒಕ್ಕಲು

ಹಳೆಯ ಬರೆಹಗಳನ್ನು ತೆರೆಯಲೆಂದು ವಿಂಡೋಸ್ ೯೮ನ್ನೂ ೨೦೦೧ರಲ್ಲಿ ಬಂದ ಎಕ್ಸ್‌ಪಿಯನ್ನೂ ಒಂದೇ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರುವವರು ಇಂದಿಗೂ ಉಂಟು. ಎಕ್ಸ್‌ಪಿಯಲ್ಲಿ ಕಂಡ ಮದುವೆಯ ಚಿತ್ರಗಳು ೯೮ರಲ್ಲಿ ಕಾಣದಿದ್ದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. ಚಿತ್ರಗಳು ಎಲ್ಲಿಯೂ ಹೋಗಿರುವುದಿಲ್ಲ. ಡಿಸ್ಕಿನಲ್ಲಿ ಕಡತಗಳ ಲೆಕ್ಕವಿಡುವ ಪದ್ಧತಿಗಳು ಬೇರೆ ಬೇರೆ. ಎನ್‌ಟಿಎಫ್‌ಎಸ್, ಫ್ಯಾಟ್ ೩೨ ಎರಡನ್ನೂ ಎಕ್ಸ್‌ಪಿ ಬಲ್ಲದು. ೯೮ಕ್ಕೆ ಎನ್‌ಟಿಎಫ್‌ಎಸ್ ಓದಲು ಬಾರದು. ಕಾಣದ ವಿಭಾಗವನ್ನು ಬರಿದೆಂದು ಬಗೆದು ಅಳಿಸಿದರೆ ಮಾತ್ರ ನಿಜವಾದ ನಷ್ಟ.

ಆದುದರಿಂದ ಮೊದಲು ೯೮ನ್ನೂ ಬಳಿಕ ಎಕ್ಸ್‌ಪಿಯನ್ನೂ ಸ್ಥಾಪಿಸಿರಿ. ಹಿಂದುಮುಂದಾದರೆ ಎಕ್ಸ್‌ಪಿಯ ಬಾಗಿಲು ಮುಚ್ಚೀತು. ಎರಡಕ್ಕೂ ಬೇಕಾದುದನ್ನು ಫ್ಯಾಟ್ ೩೨ ವಿಭಾಗದಲ್ಲಿಡಿರಿ. ಅಲ್ಲಿ ಒಂದೊಂದು ಕಡತವೂ ೪ ಗಿಗಾಬೈಟಿಗಿಂತ ಕಡಿಮೆಯಿರತಕ್ಕದ್ದು. ಇದಕ್ಕೆಲ್ಲ ಕೈಹಾಕುವ ಮೊದಲು ಚಿತ್ರಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಕಂಪ್ಯೂಟರನ್ನು ಮತ್ತೆ ಕೊಳ್ಳಬಹುದು. ಮದುವೆಯ ದಿನವನ್ನು ಕೊಳ್ಳಲಾದೀತೆ?